ಬ್ಯಾಟರಿ ಹೊಸದು, ಜೀಪು ಮಾತ್ರ ಏಳಲಿಲ್ಲ
ದಪ್ಪ ಕೇಬಲಿಗೆ ಲಗ್ಗು ಕೂರಿಸುವ ಕ್ರಮ

ಕಳೆದ ಮಳೆಗಾಲ, ಪುನರ್ವಸು ಮಳೆ ಒಂದೇ ಸಮನೆ ಹೊಯ್ಯುತ್ತಿದ್ದ ರಾತ್ರಿ. ನಮ್ಮ ತಾಯಿಯವರಿಗೆ ಉಬ್ಬಸ ಜೋರಾಯಿತು. ಆಸ್ಪತ್ರೆ ನಮ್ಮಲ್ಲಿಂದ 22 ಕಿ.ಮೀ. ಜೀಪಿನ ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದು ಸದ್ದು, ಅಷ್ಟೆ. ಬ್ಯಾಟರಿ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ. ಮನೆ ತಗ್ಗಿನಲ್ಲಿದೆ, ತಳ್ಳಿ ಎಬ್ಬಿಸೋಣವೆಂದರೆ ಮುಂದೆ ಏರು, ಕಾಲಡಿಯಲ್ಲಿ ಕೆಸರು. ಕೊನೆಗೆ ಪಕ್ಕದ ತೋಟದವರು ತಮ್ಮ ಪಿಕಪ್ ತಂದು ಅಮ್ಮನನ್ನು ಆಸ್ಪತ್ರೆಗೆ ಮುಟ್ಟಿಸುವಾಗ ಒಂದೂವರೆ ಗಂಟೆ ಕಳೆದಿತ್ತು. ಅಮ್ಮ ಚೇತರಿಸಿಕೊಂಡರು. ಆದರೆ ಆ ಒಂದೂವರೆ ಗಂಟೆಯನ್ನು ಮನೆಯಲ್ಲಿ ಯಾರೂ ಮರೆತಿಲ್ಲ.

ಮಾರನೆಯ ದಿನ ಹುಡುಕಿದಾಗ ಸಿಕ್ಕಿದ ದೋಷ ಹೆಬ್ಬೆರಳಿನಷ್ಟು. ಬ್ಯಾಟರಿ ಸರಿ, ಸ್ಟಾರ್ಟರ್ ಸರಿ. ನೆಗೆಟಿವ್ ಕೇಬಲನ್ನು ಎಂಜಿನಿನ ಮೈಗೆ ಬೋಲ್ಟ್ ಮಾಡುವ ತುದಿಯ ಲಗ್ಗು, ಅಂದರೆ ಎಲೆಕ್ಟ್ರಿಷಿಯನ್ನರು ಥಿಂಬಲ್ ಎನ್ನುತ್ತಾರಲ್ಲ ಅದು, ಸುತ್ತಿಗೆಯಿಂದ ಚಪ್ಪಟೆ ಮಾಡಿ ಟೇಪು ಸುತ್ತಿದ್ದಾಗಿತ್ತು. ಟೇಪು ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಕೈಯಲ್ಲಿ ಎಳೆದರೆ ಕೇಬಲ್ ಹೊರಗೇ ಬಂತು! ಹಿಂದಿನ ವರ್ಷ ಪೇಟೆಯ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದು. ನಿಂತು ನೋಡದೆ ಬಂದದ್ದು ನನ್ನದೇ ತಪ್ಪು.

ಜೀಪು, ಟ್ರ್ಯಾಕ್ಟರ್, ಜನರೇಟರ್, ಇನ್ವರ್ಟರ್ ಹೀಗೆ ದಪ್ಪ ಬ್ಯಾಟರಿ ಕೇಬಲ್ ಇಲ್ಲದ ತೋಟದ ಮನೆ ಇಂದು ಅಪರೂಪ. ಆದ್ದರಿಂದ ನಾನು ಕಲಿತದ್ದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇನೆ.

ಒಂದು ಇಂಚಿನ ನಷ್ಟ

ಡೀಸೆಲ್ ಎಂಜಿನನ್ನು ತಿರುಗಿಸಲು ಸ್ಟಾರ್ಟರ್ 200 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಆಂಪಿಯರನ್ನು ತಡೆಯ ಓಮ್‌ನಿಂದ ಗುಣಿಸಿದರೆ ದಾರಿಯಲ್ಲಿ ನಷ್ಟವಾಗುವ ವೋಲ್ಟ್ ಸಿಗುತ್ತದೆ. 35 ಚದರ ಮಿ.ಮೀ. ತಾಮ್ರದ ಕೇಬಲಿನ ತಡೆ ಮೀಟರಿಗೆ ಸುಮಾರು ಅರ್ಧ ಮಿಲಿ ಓಮ್. 200 ಆಂಪಿಯರಿಗೆ ನಷ್ಟ 0.1 ವೋಲ್ಟ್. ಕೆಟ್ಟ ಲಗ್ಗಿನಲ್ಲಿ 10 ಮಿಲಿ ಓಮ್ ತಡೆ ಇದ್ದರೆ ಅಲ್ಲೇ 2 ವೋಲ್ಟ್ ಹೋಯಿತು. 20 ಮೀಟರ್ ಕೇಬಲಿನ ನಷ್ಟ ಆ ಒಂದು ಇಂಚಿನಲ್ಲಿ! ಅಷ್ಟೇ ಅಲ್ಲ, ಆ ಜಾಗದಲ್ಲಿ 400 ವ್ಯಾಟ್ ಶಾಖ ಹುಟ್ಟುತ್ತದೆ.

ನಮಗೆ ಮೋಸವಾಗುವುದು ಇಲ್ಲಿಯೇ. ದೀಪಕ್ಕೆ ಬೇಕಾದ್ದು ಕೆಲವೇ ಆಂಪಿಯರ್. ಆದ್ದರಿಂದ ದೀಪ ಚೆನ್ನಾಗಿ ಉರಿಯುತ್ತದೆ, ಹಾರನ್ ಕೂಗುತ್ತದೆ, ಮೀಟರ್ 12.6 ವೋಲ್ಟ್ ತೋರಿಸುತ್ತದೆ. ದೋಷ ಇದ್ದಲ್ಲೇ ಇರುತ್ತದೆ, ನಾವು ಹೊಸ ಬ್ಯಾಟರಿ ಕೊಳ್ಳುತ್ತೇವೆ.

ಮಲೆನಾಡಿನ ತೇವ ಇದಕ್ಕೆ ಇನ್ನಷ್ಟು ನೆರವಾಗುತ್ತದೆ. ಬ್ಯಾಟರಿಯ ಆಮ್ಲ ತಾಮ್ರಕ್ಕೆ ತಗುಲಿ ಹುಟ್ಟುವ ನೀಲಿ-ಹಸಿರು ಪುಡಿಯಲ್ಲಿ ನಾವು ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತವೇ ಇರುತ್ತದೆ. ಅಡಿಕೆಗೆ ಅದು ಕೊಳೆರೋಗದಿಂದ ರಕ್ಷೆ. ಕೇಬಲಿಗೆ ಅದೇ ಕೊಳೆರೋಗ.

ಲಗ್ಗು ಒತ್ತುವ ಕ್ರಮ

ಸರಿಯಾಗಿ ಒತ್ತಿದ ಲಗ್ಗಿನಲ್ಲಿ ತಂತಿಯ ಎಳೆಗಳ ನಡುವೆ ಗಾಳಿಗೂ ತೇವಕ್ಕೂ ಎಡೆ ಇರುವುದಿಲ್ಲ. ಒತ್ತಡಕ್ಕೆ ತಾಮ್ರವೇ ಹರಿದು, ಎಳೆಗಳೂ ಲಗ್ಗಿನ ನಳಿಗೆಯೂ ಒಂದೇ ಗಟ್ಟಿಯಾಗಿರುತ್ತವೆ. ಸುತ್ತಿಗೆಯ ಪೆಟ್ಟಿನಿಂದ ನಳಿಗೆ ಚಪ್ಪಟೆಯಾದೀತೇ ಹೊರತು ಎಳೆಗಳು ಬಿಗಿಯಾಗುವುದಿಲ್ಲ.

1. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮರಳಿ ಕೂಡಿಸುವಾಗ ಅದೇ ಕೊನೆಯದು. ಕೈಯ ಉಂಗುರ, ಬಳೆ ಕಳಚಿಡಿ.

2. ಕೇಬಲನ್ನು ನೇರವಾಗಿ ಕತ್ತರಿಸಿ. ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತಾ ಹೋಗಿ. ಕೇಬಲ್ ಗಿಡ್ಡವಾದರೆ ಹೊಸತನ್ನೇ ಹಾಕಿ, ನಡುವೆ ಜೋಡಿಸಬೇಡಿ.

3. ಲಗ್ಗು ಕೇಬಲಿನ ಅಳತೆಯದೇ ಆಗಿರಲಿ. 35-8 ಎಂದು ಅಚ್ಚಿದ್ದರೆ 35 ಚದರ ಮಿ.ಮೀ. ಕೇಬಲಿಗೆ, 8 ಮಿ.ಮೀ. ಬೋಲ್ಟಿಗೆ ಎಂದರ್ಥ. ತೂರುವುದಿಲ್ಲವೆಂದು ಎಳೆಗಳನ್ನು ಕತ್ತರಿಸುವುದು, ಸಡಿಲವಾಯಿತೆಂದು ತಂತಿಚೂರು ತುರುಕುವುದು ಎರಡೂ ತಪ್ಪು. ಅಂಗಡಿಯಲ್ಲಿ ಅಲ್ಯುಮಿನಿಯಂ ಲಗ್ಗೂ ಇರುತ್ತದೆ. ತಾಮ್ರದ ಕೇಬಲಿಗೆ ತವರ ಲೇಪಿಸಿದ ತಾಮ್ರದ ಲಗ್ಗನ್ನೇ ಕೇಳಿ ತನ್ನಿ. ಚಾಕುವಿನಿಂದ ಗೀರಿದರೆ ಕೆಂಪು ಕಾಣಬೇಕು.

4. ಶಾಖಕ್ಕೆ ಕುಗ್ಗುವ ಕೊಳವೆಯನ್ನು ಮೊದಲೇ ಕೇಬಲಿಗೆ ತೊಡಿಸಿ. ಒಳಗೆ ಅಂಟು ಇರುವ ಬಗೆಯದೇ ಮೇಲು. ನಳಿಗೆಯ ಆಳಕ್ಕಿಂತ ಒಂದೆರಡು ಮಿ.ಮೀ. ಹೆಚ್ಚು ರಬ್ಬರು ಸುಲಿಯಿರಿ. ಒಂದು ಎಳೆಯೂ ತುಂಡಾಗಬಾರದು.

5. ಕೇಬಲನ್ನು ನಳಿಗೆಯ ತಳ ಮುಟ್ಟುವವರೆಗೆ ತೂರಿಸಿ, ಕೇಬಲಿನ ಅಳತೆಗೆ ಹೊಂದುವ ಆರು ಮೂಲೆಯ ಅಚ್ಚಿನಿಂದ ಒತ್ತಿ. ಎರಡು ಒತ್ತು ಕೊಡುವುದಾದರೆ ಮೊದಲನೆಯದು ತೂತಿರುವ ನಾಲಿಗೆಯ ಹತ್ತಿರ, ಎರಡನೆಯದು ಕೇಬಲಿನ ಕಡೆಗೆ. ಅಚ್ಚಿನ ಎರಡು ಹೋಳು ಪೂರ್ತಿ ಕೂಡಬೇಕು. ಅಂಚಿನಲ್ಲಿ ರೆಕ್ಕೆಯಂತೆ ತಾಮ್ರ ಎದ್ದರೆ ಅಚ್ಚು ಸಣ್ಣದಾಯಿತು.

6. ಲಗ್ಗನ್ನು ವೈಸಿನಲ್ಲಿ ಹಿಡಿದು ಕೇಬಲನ್ನು ಬಲವಾಗಿ ಎಳೆಯಿರಿ, ತಿರುಚಿರಿ. ಕೊಂಚ ಅಲುಗಿದರೂ ಕತ್ತರಿಸಿ ಹೊಸ ಲಗ್ಗು ಹಾಕಿ. ನಂತರ ಕೊಳವೆಯನ್ನು ಲಗ್ಗಿನ ಮೇಲೆ ಸರಿಸಿ ಬಿಸಿ ಮಾಡಿ. ಬ್ಯಾಟರಿಯಿಂದ ಜಲಜನಕ ಹೊರಡುವುದರಿಂದ ಅದರ ಬಳಿ ಬೆಂಕಿ ಬೇಡ.

ಬೆಸುಗೆ ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗುತ್ತದೆ. ಅದಲ್ಲದೆ ಕರಗಿದ ಬೆಸುಗೆ ಎಳೆಗಳ ನಡುವೆ ಏರಿ ಕೇಬಲನ್ನು ಕಡ್ಡಿಯಂತೆ ಬಿರುಸಾಗಿಸುತ್ತದೆ. ನಮ್ಮ ತೋಟದ ರಸ್ತೆಯ ಕುಲುಕಾಟಕ್ಕೆ ಅಲ್ಲೇ ಮುರಿಯುತ್ತದೆ.

ಬೋಲ್ಟ್ ಬಿಗಿಯುವ ಜಾಗದ ಬಣ್ಣ, ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ತೆಗೆಯಿರಿ. ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಐದು ನಿಮಿಷದ ಪರೀಕ್ಷೆ

ಹಳೆಯ ಕೇಬಲನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಎಂಜಿನ್ ಹತ್ತದಂತೆ ಡೀಸೆಲ್ ನಿಲ್ಲಿಸುವ ಗುಂಡಿ ಎಳೆದಿರಲಿ. ಮೀಟರನ್ನು ಡಿ.ಸಿ. ವೋಲ್ಟಿಗಿಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನಿನ ಬರಿಯ ಲೋಹಕ್ಕೆ ಮುಟ್ಟಿಸಿ. ಮತ್ತೊಬ್ಬರು ನಾಲ್ಕೈದು ಸೆಕೆಂಡು ಸ್ಟಾರ್ಟರ್ ತಿರುಗಿಸಲಿ. ಹಾಗೆಯೇ ಪಾಸಿಟಿವ್ ಕಂಬಕ್ಕೂ ಸ್ಟಾರ್ಟರಿನ ದಪ್ಪ ಬೋಲ್ಟಿಗೂ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದ ಬದಿಯ ಜೋಡಣೆಗಳನ್ನು ಬಿಚ್ಚಿ ನೋಡಲೇಬೇಕು.

ಒಂದು ಕೋರಿಕೆ. ಅಚ್ಚುಗಳ ಸಹಿತ ಹೈಡ್ರಾಲಿಕ್ ಒತ್ತುಯಂತ್ರ ಒಬ್ಬ ಸಣ್ಣ ಬೆಳೆಗಾರನಿಗೆ ವರ್ಷದಲ್ಲಿ ಒಂದೆರಡು ಸಲ ಬೇಕಾಗುವ ಸಾಧನ. ಪ್ರತಿಯೊಬ್ಬರೂ ಕೊಳ್ಳುವುದು ದಂಡ. ಸಂಘವೇ ಒಂದನ್ನು ತಂದಿಟ್ಟು ಸದಸ್ಯರಿಗೆ ಎರವಲು ಕೊಟ್ಟರೆ ಎಲ್ಲರಿಗೂ ಅನುಕೂಲ. ಮಹಾಸಭೆಯಲ್ಲಿ ಇದನ್ನು ಚರ್ಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಅದುವರೆಗೆ, ಮುಂಗಾರಿಗೆ ಮುನ್ನ ಸಿಂಪಡಣೆಯ ಸಲಕರಣೆ ಹೊರತೆಗೆಯುವ ದಿನವೇ ಜೀಪಿನ ಬಾನೆಟ್ಟನ್ನೂ ಒಮ್ಮೆ ಎತ್ತಿ. ಟೇಪು ಸುತ್ತಿದ ಲಗ್ಗು ಕಂಡರೆ ಟೇಪು ಬಿಚ್ಚಿ ನೋಡಿ.