ಮೀನಿನ ಬುಟ್ಟಿ ಬದಿಯಲ್ಲಿ ಮೆದುಳಿನ ಗುಟ್ಟು!

ಇಬ್ಬರಿಗೆ ಆಲ್‌ಝೈಮರ್. ಇಬ್ಬರ ಮೆದುಳಿನ ಸ್ಕ್ಯಾನ್ ನಿಮ್ಮ ಕೈಯಲ್ಲಿದೆ. ಒಂದರಲ್ಲಿ ಮೆದುಳು ತುಂಬಾ ಕುಗ್ಗಿದೆ, ಇನ್ನೊಂದರಲ್ಲಿ ಕಡಿಮೆ. ಮರೆವು ಯಾರಿಗೆ ಜಾಸ್ತಿ? ಹೇಳಿ ಕಾಂಬ!

ಹೆಚ್ಚು ಕುಗ್ಗಿದವರಿಗೆ ಅಂದಿರಾ? ಅಲ್ಲ! ಇಬ್ಬರದೂ ಒಂದೇ ಮಟ್ಟ!

2012ರಲ್ಲಿ ಪ್ರಕಟವಾದ ಟೊರಾಂಟೊದ ಅಧ್ಯಯನವಿದು. 40 ರೋಗಿಗಳ ಸಿ.ಟಿ. ಸ್ಕ್ಯಾನ್. ಅರ್ಧದಷ್ಟು ಮಂದಿಯ ಮೆದುಳಿನಲ್ಲಿ ನೆನಪಿಗೆ ಬೇಕಾದ ಜಾಗವೇ ಹೆಚ್ಚು ಸವೆದಿತ್ತು. ಆದರೂ ಉಳಿದ ಅರ್ಧದವರಿಗೆ ಅವರು ಸರಿಸಮ! ಅವರನ್ನು ಎತ್ತಿ ಹಿಡಿದದ್ದು ಯಾವುದು? ಔಷಧಿಯೇ? ಆಹಾರವೇ?

ಉತ್ತರ ಬೇಕಾದರೆ ನಮ್ಮ ಕರಾವಳಿಯ ಗಂಗೊಳ್ಳಿಗೆ ಬನ್ನಿ!

"ಹ್ವಾಯ್, ಬಂಗ್ಡಿ ಕಾಣಿ, ಈಗ ಬಂದದ್ದ್!" ಮೀನು ಮಾರುವ ಅಮ್ಮ ಕೂಗುತ್ತಾರೆ. ಗಿರಾಕಿ "ಏತ್?" ಅಂದರೆ ತುಳುವಿನಲ್ಲಿ ಉತ್ತರ. "ಕಿತ್ಲೆ?" ಅಂದರೆ ಕೊಂಕಣಿ. ಕೈ ಮೀನು ಎಣಿಸುತ್ತಲೇ ಇದೆ, ನಾಲಗೆ ಭಾಷೆ ಬದಲಿಸುತ್ತಲೇ ಇದೆ!

ಅದೇ ಗುಟ್ಟು. ಟೊರಾಂಟೊದ ಆ ಅರ್ಧದಷ್ಟು ಮಂದಿಗೂ ಇದ್ದದ್ದು ಎರಡನೆಯ ಭಾಷೆ!

ಒಂದು ಭಾಷೆ ಆಡುವಾಗ ಇನ್ನೊಂದು ಮಲಗಿರುವುದಿಲ್ಲ. ಒಳಗೇ ಮಿಸುಕಾಡುತ್ತದೆ. ಮೆದುಳು ಅದನ್ನು ಅದುಮಿ ಇದನ್ನು ಆರಿಸಬೇಕು. ದಿನವಿಡೀ, ಜೀವಮಾನವಿಡೀ! ಈ ಗರಡಿಯಲ್ಲಿ ಪಳಗಿದ ಮೆದುಳು ಒಂದು ದಾರಿ ಮುಚ್ಚಿದರೆ ಬೇರೆ ದಾರಿ ಹಿಡಿಯುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಕಾಯಿಲೆ ನಿಲ್ಲುವುದಿಲ್ಲ, ಸ್ಕ್ಯಾನೇ ಅದಕ್ಕೆ ಸಾಕ್ಷಿ. ಆದರೆ ಮರೆವು ಹೊರಗೆ ಕಾಣುವುದು ತಡವಾಗುತ್ತದಂತೆ.

ಎಷ್ಟು ತಡ? ಆರು ತಿಂಗಳು? ಒಂದು ವರ್ಷ?

ನಾಲ್ಕೂವರೆ ವರ್ಷ!

ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಹೇಳಿದ ಲೆಕ್ಕ ಇದು. ಮುಂದೆ ಡಾ. ಅಲ್ಲಾಡಿ ನಮ್ಮ ಬೆಂಗಳೂರಿನ ನಿಮ್ಹಾನ್ಸಿಗೇ ಬಂದರು. ಓದಿದವರಿಗೆ ಮಾತ್ರ ಈ ಲಾಭ ಅಂದುಕೊಂಡಿರಾ? ಅಕ್ಷರವೇ ಬಾರದವರಲ್ಲೂ ಅದೇ ಕಂಡಿತು! ಶಾಲೆ ಮೆಟ್ಟಲು ಹತ್ತದಿದ್ದರೂ ಸಂತೆಯಲ್ಲಿ, ಜಗಲಿಯಲ್ಲಿ ಕಲಿತ ಭಾಷೆ ಸಾಕು! ನನಗೆ ಮೈ ಜುಮ್ಮೆಂದದ್ದು ಇಲ್ಲಿಯೇ.

ಮೂರು, ನಾಲ್ಕು ಭಾಷೆ ಬಂದರೆ ಇನ್ನೂ ತಡವೇ? ಇಲ್ಲ, ಆ ಅಧ್ಯಯನದಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ. ಎರಡೇ ಸಾಕು!

ಈಗ ನಮ್ಮ ಕರಾವಳಿ ನೋಡಿ. ಕುಂದಾಪುರದಲ್ಲಿ ಕುಂದಗನ್ನಡ. ಬ್ರಹ್ಮಾವರದ ಕಡೆ ಸೀತಾ ನದಿ ದಾಟಿದರೆ ತುಳು. ಬೈಂದೂರಿನ ಶಿರೂರಿನಲ್ಲಿ ನವಾಯತಿ. ಒಂದೇ ಬಸ್ಸಿನಲ್ಲಿ ಕೂತರೆ ಎಲ್ಲವೂ ಕಿವಿಗೆ ಬೀಳುತ್ತವೆ!

ಗಂಗೊಳ್ಳಿಯ ಅಮ್ಮನ ಬುಟ್ಟಿ ಈಗ ಅರ್ಧ ಖಾಲಿ. ಹೊಸ ಗಿರಾಕಿ ಬಂದರು. ಯಾವ ಭಾಷೆಯವರು? ಅಮ್ಮ ಒಮ್ಮೆ ಮುಖ ನೋಡಿದರು, ಬಾಯಿ ತೆರೆದರು. ಕೊಂಕಣಿ!