ಬೀಗಲ್ ಮರಿ ನಿಮ್ಮ ಮನೆಗೆ ಒಗ್ಗೀತೇ?

ಮನೆಗೊಂದು ನಾಯಿಮರಿ ಬೇಕೆಂಬ ಹಟ ಸಾಮಾನ್ಯವಾಗಿ ಮಕ್ಕಳಿಂದ ಹೊರಡುತ್ತದೆ. ತಂದೆಯವರ ಮೌನಸಮ್ಮತಿಯಿಂದ ಬಲಗೊಳ್ಳುತ್ತದೆ. ಕೊನೆಗೆ ತಾಯಿಯ ಹೆಗಲೇರಿ ಕುಳಿತುಕೊಳ್ಳುತ್ತದೆ. ಯಾವ ಜಾತಿಯ ಮರಿ ಎಂಬ ಮಾತು ಬಂದಾಗ, ಪಟ್ಟಣದ ಅನೇಕ ಕುಟುಂಬಗಳ ಮನಸ್ಸು ಬೀಗಲ್ ಕಡೆಗೆ ವಾಲುವುದುಂಟು. ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಎತ್ತರ 13ರಿಂದ 16 ಅಂಗುಲ. ತೂಕ 10 ಕಿಲೋಗ್ರಾಂ ಆಸುಪಾಸು. ಕಪ್ಪು, ಕಂದು, ಬಿಳುಪು ಬೆರೆತ ನುಣುಪಾದ ಮೈ. ಜೋತುಬಿದ್ದ ಮೆತ್ತನೆಯ ಕಿವಿಗಳು. ನೋಡಿದವರ ಎದೆ ಕರಗಿಸುವ ಕಣ್ಣುಗಳು. ಎರಡು ತಿಂಗಳ ಬೀಗಲ್ ಮರಿಯನ್ನು ಕಣ್ಣಾರೆ ಕಂಡ ಮೇಲೆ ‘ಬೇಡ’ ಎನ್ನಬಲ್ಲವರು ಗಟ್ಟಿ ಮನಸ್ಸಿನವರೇ ಸರಿ. ಆದುದರಿಂದ ಬೇಕೋ ಬೇಡವೋ ಎಂಬುದನ್ನು, ಮರಿಯನ್ನು ನೋಡಲು ಹೊರಡುವ ಮುನ್ನ, ಮನೆಯಲ್ಲಿ ಕುಳಿತೇ ನಿಶ್ಚಯಿಸಿಕೊಳ್ಳುವುದು ಮೇಲು. ಇದು 12ರಿಂದ 15 ವರ್ಷಗಳ ಸಂಬಂಧ. ಇಂದು ಐದನೆಯ ತರಗತಿಯಲ್ಲಿರುವ ಮಗ ಓದು ಮುಗಿಸಿ ಉದ್ಯೋಗಕ್ಕೆಂದು ಪರಊರಿಗೆ ಹೋದ ಮೇಲೂ ನಾಯಿ ನಿಮ್ಮ ಮನೆಯ ಬಾಗಿಲಲ್ಲೇ ಇರುತ್ತದೆ.

ಪ್ರಾಣಿಯ ಸ್ವಭಾವವನ್ನು ತಿಳಿಯಬೇಕಾದರೆ ಅದರ ಪೂರ್ವಿಕರು ಯಾವ ಕಸುಬಿನವರೆಂದು ವಿಚಾರಿಸಬೇಕು. (ಹೆಣ್ಣು ಕೊಡುವಾಗ, ತರುವಾಗ ನಾವು ಮಾಡುವುದೂ ಅದನ್ನೇ ತಾನೆ!) ಬೀಗಲ್ ಇಂಗ್ಲೆಂಡಿನ ಬೇಟೆನಾಯಿ. ಮೊಲದ ಜಾಡು ಹಿಡಿದು ಹಿಂಡುಹಿಂಡಾಗಿ ಓಡುವುದು ಅದರ ಕೆಲಸ. ಬೇಟೆಗಾರರು ಕುದುರೆಯೇರದೆ, ಕಾಲ್ನಡಿಗೆಯಲ್ಲಿ ಹಿಂದಿನಿಂದ ಬರುತ್ತಿದ್ದರು. 1830ರ ದಶಕದಲ್ಲಿ ಎಸೆಕ್ಸ್ ಪ್ರಾಂತದಲ್ಲಿ ಫಿಲಿಪ್ ಹನಿವುಡ್ ಎಂಬ ಪಾದ್ರಿ ಕಟ್ಟಿದ ಹಿಂಡಿನಿಂದ ಇಂದಿನ ಬೀಗಲ್ ತಳಿ ರೂಪುಗೊಂಡಿತೆಂದು ಹೇಳುತ್ತಾರೆ. ಈ ಕಸುಬಿಗೆ ಬೇಕಾದುದು ಮೂರು: ನೆಲಕ್ಕಂಟಿದ ಮೂಗು, ಜೊತೆಗಾರರೊಡನೆ ಜಗಳವಾಡದ ಗುಣ, ದೂರದ ಬೇಟೆಗಾರನಿಗೂ ಕೇಳಿಸುವ ಗಂಟಲು. ಬೀಗಲ್‌ನಲ್ಲಿ ನೀವು ಮೆಚ್ಚುವುದೆಲ್ಲವೂ, ಮುಂದೆ ನಿಮಗೆ ತಲೆನೋವಾಗುವುದೆಲ್ಲವೂ, ಈ ಮೂರರಿಂದಲೇ ಹುಟ್ಟಿದವು.

ಮೊದಲು ಮೂಗಿನ ವಿಚಾರ. ಅಮೆರಿಕದ ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ ಎಂಬುವರು ನಾಯಿಗಳ ಸ್ವಭಾವವನ್ನು ಕುರಿತು ದೀರ್ಘಕಾಲ ಅಭ್ಯಾಸ ನಡೆಸಿ, 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಒಂದು ಎಕರೆ ಬಯಲಿನಲ್ಲಿ ಒಂದೇ ಒಂದು ಚಿಟ್ಟಿಲಿಯನ್ನು ಬಿಟ್ಟು ಪರೀಕ್ಷಿಸಿದಾಗ, ಬೀಗಲ್‌ಗಳು ಅದನ್ನು ಒಂದು ನಿಮಿಷದೊಳಗೆ ಪತ್ತೆಹಚ್ಚಿದುವಂತೆ. ಫಾಕ್ಸ್ ಟೆರಿಯರ್‌ಗಳಿಗೆ ಕಾಲು ಗಂಟೆ ಹಿಡಿಯಿತಂತೆ. 1984ರಿಂದ ಅಮೆರಿಕದ ಕೃಷಿ ಇಲಾಖೆಯವರು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಲಗಳನ್ನು ಮೂಸಲು ಬೀಗಲ್‌ಗಳನ್ನೇ ನೇಮಿಸಿಕೊಂಡರು. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗುವ ನಮ್ಮ ತಾಯಂದಿರು ಸೀರೆಗಳ ನಡುವೆ ಮಾವಿನಹಣ್ಣನ್ನು ಅಡಗಿಸಿಟ್ಟರೆ, ಅಧಿಕಾರಿಗಿಂತ ಮೊದಲು ಅದನ್ನು ಅರಿಯುವುದು ಈ ಪುಟ್ಟ ನಾಯಿ.

ಇಂಥ ಮೂಗು ಮನೆಯೊಳಗೆ ಬಂದರೆ ಏನಾದೀತು? ಅಡಿಗೆಮನೆಯ ಕಟ್ಟೆ, ಕಸದ ಬುಟ್ಟಿ, ಶಾಲೆಯಿಂದ ಬಂದ ಮಗುವಿನ ಬುತ್ತಿಡಬ್ಬಿ, ದೇವರ ಮುಂದಿಟ್ಟ ನೈವೇದ್ಯ, ಯಾವುದಕ್ಕೂ ರಕ್ಷಣೆಯಿಲ್ಲ. ಬೀಗಲ್‌ಗೆ ಹಸಿವೆಂಬುದು ತೀರುವಂಥದಲ್ಲ. ಕೊಟ್ಟಷ್ಟನ್ನೂ ತಿಂದು ಬೇಗನೆ ಬೊಜ್ಜು ಬೆಳೆಸುತ್ತದೆ. ಇದರಲ್ಲಿ ನಗೆಯ ಮಾತಷ್ಟೇ ಇಲ್ಲ. ಪಾಯಸದ ಒಣದ್ರಾಕ್ಷಿ, ಹುಳಿಯ ಈರುಳ್ಳಿ, ಒಗ್ಗರಣೆಯ ಬೆಳ್ಳುಳ್ಳಿ, ಮಕ್ಕಳ ಚಾಕೊಲೇಟು, ಇವೆಲ್ಲ ನಾಯಿಗೆ ವಿಷ. ದ್ರಾಕ್ಷಿಯಿಂದ ಮೂತ್ರಪಿಂಡಗಳೇ ಕೆಡಬಹುದು. ಹಬ್ಬದ ದಿನ ಅಕ್ಕರೆಯಿಂದ ಒಂದು ಬಟ್ಟಲು ಪಾಯಸವಿಟ್ಟು, ಸಂಜೆಗೆ ಪಶುವೈದ್ಯರಲ್ಲಿಗೆ ಓಡಬೇಕಾಗಿ ಬಂದೀತು. ಇನ್ನು ಬರಿಯ ಮೊಸರನ್ನದಲ್ಲಿ ಸಾಕಬಹುದೇ ಎಂದು ಸಸ್ಯಾಹಾರಿ ಕುಟುಂಬದವರು ಕೇಳುವುದುಂಟು. ಬೆಳೆಯುವ ಮರಿಗೆ ಅಷ್ಟರಿಂದಲೇ ಸಾಕಷ್ಟು ಪ್ರೋಟೀನು ದೊರೆಯದು. ಮೊಟ್ಟೆಯಾದರೂ ಮನೆಯೊಳಕ್ಕೆ ಬರಬಹುದೇ, ಅಥವಾ ತಯಾರಾದ ಆಹಾರವನ್ನು ಕೊಂಡು ತರುವುದೇ ಎಂಬುದನ್ನು ವೈದ್ಯರೊಡನೆ ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು.

ಮೂಗು ಜಾಡು ಹಿಡಿದಾಗ ಕಿವಿ ಮುಚ್ಚಿಹೋಗುತ್ತದೆ. ನೀವು ಹೆಸರು ಹಿಡಿದು ಎಷ್ಟು ಕೂಗಿದರೂ ಬೀಗಲ್ ತಿರುಗಿ ನೋಡದು. ಇದು ಅವಿಧೇಯತೆಯೆಂದು ಬೈಯುವವರಿದ್ದಾರೆ. ತನ್ನ ಕಸುಬನ್ನು ಶ್ರದ್ಧೆಯಿಂದ ಮಾಡುತ್ತಿದೆ ಎಂದು ಹೇಳುವುದು ನ್ಯಾಯ. ಹೇಗೇ ಆಗಲಿ, ವಾಹನಗಳ ಬೀದಿಯಲ್ಲಿ ಅದನ್ನು ಹಗ್ಗವಿಲ್ಲದೆ ಬಿಡಕೂಡದು; ಕಾಂಪೌಂಡಿನ ಗೇಟಿನಡಿಯಲ್ಲಿ ಸಂದಿಯಿದ್ದರೆ ಕೆರೆದು ಹಿಗ್ಗಿಸಿಕೊಂಡು ಹೊರಟೇಬಿಡುತ್ತದೆ.

ಎರಡನೆಯದು ಹಿಂಡಿನ ಗುಣ. ಇದರಿಂದಲೇ ಬೀಗಲ್ ಮಕ್ಕಳೊಡನೆ, ಅತಿಥಿಗಳೊಡನೆ, ಇತರ ನಾಯಿಗಳೊಡನೆ ಅಷ್ಟು ಸರಸವಾಗಿರುವುದು. ಕಾವಲಿಗೆ ಮಾತ್ರ ನೆಚ್ಚಬೇಡಿ. ಬೊಗಳಿ ಸುದ್ದಿ ಕೊಟ್ಟೀತು. ಆಮೇಲೆ ಕಳ್ಳನ ಮುಂದೆಯೂ ಬಾಲವಾಡಿಸೀತು. ಅದರ ತಾಳ್ಮೆ ದೊಡ್ಡದೆಂದು ಮಕ್ಕಳು ಕಿವಿ ಹಿಡಿದು ಎಳೆಯಲು ಬಿಡುವುದು ಸಲ್ಲ. 1964ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ನರು ತಮ್ಮ ಬೀಗಲ್‌ಗಳನ್ನು ಪತ್ರಿಕಾ ಛಾಯಾಗ್ರಾಹಕರ ಎದುರಿನಲ್ಲಿ ಕಿವಿ ಹಿಡಿದು ಎತ್ತಿ ದೇಶದ ಪ್ರಾಣಿಪ್ರಿಯರಿಂದೆಲ್ಲ ಛೀಮಾರಿ ಹಾಕಿಸಿಕೊಂಡರು. ಅಷ್ಟು ದೊಡ್ಡವರಿಗೆ ತಿಳಿಯದಿದ್ದುದು ಐದು ವರ್ಷದ ಮಗುವಿಗೆ ತಾನಾಗಿ ತಿಳಿಯದು, ಹಿರಿಯರು ಬಳಿಯಲ್ಲಿರಬೇಕು.

ಹಿಂಡಿನಲ್ಲಿ ಬಾಳಿದ ಪ್ರಾಣಿಗೆ ಒಂಟಿತನ ಸಹಿಸದು. ನಿಜವಾದ ಪ್ರಶ್ನೆ ಇರುವುದು ಇಲ್ಲಿಯೇ. ನಾಯಿ ಸಾಕಲು ಹೊರಟವರು ಮನೆಯ ವಿಸ್ತಾರವನ್ನು ಅಳೆಯುತ್ತಾರೆ: ಅಂಗಳವುಂಟೇ, ಮಹಡಿಯುಂಟೇ ಎಂದು. ಬೀಗಲ್ ವಿಷಯದಲ್ಲಿ ಅಳೆಯಬೇಕಾದುದು ಗಡಿಯಾರವನ್ನು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮನೆಯಲ್ಲಿ ಯಾರಿರುತ್ತಾರೆ? ಗಂಡಹೆಂಡಿರಿಬ್ಬರೂ ಕಚೇರಿಗೆ, ಮಕ್ಕಳು ಶಾಲೆಗೆ, ಬಾಗಿಲಿಗೆ ಬೀಗ ಎಂಬ ಸಂಸಾರದಲ್ಲಿ ಮರಿ ಏಳೆಂಟು ಗಂಟೆ ಒಬ್ಬೊಂಟಿಯಾಗಿ ಕಳೆಯಬೇಕು. ಎರಡು ತಿಂಗಳ ಮರಿಗೆ ಎರಡು ಮೂರು ಗಂಟೆಗೊಮ್ಮೆ ಹೊರಗೆ ಹೋಗಲೇಬೇಕು. ದಿನಕ್ಕೆ ಮೂರು ನಾಲ್ಕು ಸಲ ಊಟವಾಗಬೇಕು. ಬೆಳೆದ ಮೇಲೆ ಈ ಅವಸರ ತಗ್ಗೀತು, ಒಂಟಿತನದ ಸಂಕಟ ತಗ್ಗದು. ಚಾಪೆ, ಚಪ್ಪಲಿ, ಸೋಫಾದ ಅಂಚು ಇವುಗಳ ಮೇಲೆ ಆ ಸಂಕಟ ತೀರಿಹೋಗುತ್ತದೆ. ಉಳಿದುದು ಗಂಟಲಿನ ಮೂಲಕ ಹೊರಬೀಳುತ್ತದೆ.

ಆ ಗಂಟಲಿನ ಬಗೆಗೆ ಮಾರಾಟಗಾರರು ಬಾಯಿಬಿಡುವುದು ಕಡಮೆ. ಬೀಗಲ್ ಎಲ್ಲ ನಾಯಿಗಳಂತೆ ಬೊಗಳುವುದು ಒಂದು ಬಗೆ. ಮೂತಿಯೆತ್ತಿ ಊಳಿಡುವುದು ಇನ್ನೊಂದು ಬಗೆ. ಇವೆರಡರ ನಡುವೆ ಕಹಳೆಯೂದಿದಂತೆ ನೀಳವಾಗಿ ಎಳೆಯುವ ಬೇಟೆಯ ಕೂಗೊಂದುಂಟು. ಬಯಲಿನಲ್ಲಿ ಅದು ಇಂಪೆಂದು ಹೇಳುವ ರಸಿಕರಿದ್ದಾರೆ. ಮೂರನೆಯ ಮಹಡಿಯ ಮನೆಯಲ್ಲಿ, ಪಕ್ಕದ ಗೋಡೆಯಾಚೆ ಹಸುಗೂಸು ಮಲಗಿರುವಾಗ, ಇಂಪೆನ್ನುವವರು ದೊರೆಯುವುದು ಕಷ್ಟ. ಕಾನೂನು ನಿಮ್ಮ ಕಡೆಗಿದೆ. ಸಾಕುಪ್ರಾಣಿಗಳನ್ನು ನಿಷೇಧಿಸಲು ನಿವಾಸಿಗಳ ಸಂಘಕ್ಕೆ ಅಧಿಕಾರವಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ನೆರೆಯವರೊಡನೆ ಬಾಳುವುದು ಮಾರ್ಗಸೂಚಿಯ ಬಲದಿಂದಲ್ಲವಷ್ಟೆ. ಮರಿ ತರುವ ಮೊದಲು ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಹಗಲೆಲ್ಲ ಮನೆಯಲ್ಲಿರುವವರು ಅನೇಕ ಕುಟುಂಬಗಳಲ್ಲಿ ಅಜ್ಜ ಅಜ್ಜಿಯರು. ನಾಯಿ ಮಕ್ಕಳದೆಂದು ಹೆಸರಿಗೆ ಹೇಳಿದರೂ, ಅದರ ಹಗಲು ಕಳೆಯುವುದು ಇವರ ಕಾಲ ಬಳಿಯಲ್ಲಿಯೇ. ಆದ್ದರಿಂದ ಮೊದಲ ಒಪ್ಪಿಗೆ ಇವರದಾಗಬೇಕು. ಅನೇಕ ಮನೆಗಳಲ್ಲಿ ಇವರನ್ನು ಕೇಳುವುದು ಕೊನೆಗೆ. ವರ್ಷವಿಡೀ ಉದುರುವ ಕೂದಲನ್ನು ಮಡಿಯುಡುವ ಅಜ್ಜಿ ಸಹಿಸಿಕೊಳ್ಳುವರೇ? ಹಗ್ಗ ಹಿಡಿದು ಎಳೆಯುವ ಹತ್ತು ಕಿಲೋ ತೂಕದ ನಾಯಿಯನ್ನು, ಮಂಡಿನೋವಿನ ಅಜ್ಜ ತಡೆದು ನಿಲ್ಲಿಸಬಲ್ಲರೇ? ಸಂಕೋಚಕ್ಕೆ ‘ಆಗಲಿ’ ಎಂದ ಮಾತನ್ನು ಒಪ್ಪಿಗೆಯೆಂದು ಎಣಿಸಬಾರದು.

ಮನೆಯವರ ಉತ್ಸಾಹವನ್ನು ತೂಗಿ ನೋಡಲು ಖರ್ಚಿಲ್ಲದ ಉಪಾಯವೊಂದಿದೆ. ನಾಯಿ ಬರುವುದಕ್ಕೆ ಮೊದಲೇ, ಒಂದು ತಿಂಗಳು, ನಾಯಿಯಿದೆಯೆಂದೇ ಭಾವಿಸಿ ನಡೆದುಕೊಳ್ಳಿರಿ. ಬೆಳಗ್ಗೆ ಆರಕ್ಕೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಮಳೆಯಿರಲಿ ಪರೀಕ್ಷೆಯಿರಲಿ, ಮರಿಗಾಗಿ ಹಟ ಹಿಡಿದವರು ಬೀದಿ ಸುತ್ತಿ ಬರಲಿ. ಬೇಸಗೆಯಲ್ಲಿ ಬಳ್ಳಾರಿ, ಕಲಬುರಗಿಯಂಥ ಊರುಗಳಲ್ಲಿ ಡಾಂಬರು ಕಾದು ನಾಯಿಯ ಪಾದ ಸುಡುವುದರಿಂದ ಇನ್ನೂ ಬೇಗನೆ ಏಳಬೇಕು. ಮೂವತ್ತನೆಯ ದಿನವೂ ಹುರುಪು ಉಳಿದಿದ್ದರೆ ಮುಂದಿನ ಮಾತು.

ಮರಿಯನ್ನು ಕೊಳ್ಳುವುದಾದರೆ 2017ರ ಕೇಂದ್ರ ಸರಕಾರದ ನಿಯಮಗಳನ್ನು ನೆನಪಿಡಿ: ನಾಯಿ ಸಾಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು; ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿನಾಯಿಯನ್ನು ತೋರಿಸಲು ಒಪ್ಪದವರಲ್ಲಿ ಕೊಳ್ಳಬೇಡಿ. ಆರರಿಂದ ಎಂಟು ವಾರಗಳಲ್ಲಿ ಮೊದಲಾಗುವ ಲಸಿಕೆಗಳು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮಳೆಗಾಲದಲ್ಲಿ ಗಾಳಿಯಾಡದ ಆ ಉದ್ದ ಕಿವಿಗಳಿಗೆ ವಾರವಾರವೂ ಆರೈಕೆ, ಇವಿಷ್ಟಕ್ಕೂ ಮನೆಯ ಆಯವ್ಯಯದಲ್ಲಿ ಸ್ಥಳವಿರಬೇಕು.

ಮರಿಯೇ ಬೇಕೆಂಬ ಹಟವಿಲ್ಲದವರಿಗೆ ಇನ್ನೊಂದು ದಾರಿಯುಂಟು. ಗಾತ್ರ ಚಿಕ್ಕದು, ಸ್ವಭಾವ ಸೌಮ್ಯ, ನೋವಾದರೂ ಕಚ್ಚುವುದು ಅಪರೂಪ: ಮಕ್ಕಳಿರುವ ಮನೆಗೆ ಬೀಗಲ್ ಹಿತವೆನಿಸುವ ಈ ಗುಣಗಳಿಗಾಗಿಯೇ ಔಷಧಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳೂ ಲೋಕದೆಲ್ಲೆಡೆ ಅದನ್ನೇ ಆರಿಸಿಕೊಂಡವು. 2016ರಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದರಿಂದ ಬಿಡುಗಡೆಯಾದ ನೂರಕ್ಕೂ ಹೆಚ್ಚು ಬೀಗಲ್‌ಗಳು ‘ಕೂಪಾ’ ಎಂಬ ಪ್ರಾಣಿದಯಾ ಸಂಸ್ಥೆಯ ಪ್ರಯತ್ನದಿಂದ ಗೃಹಸ್ಥರ ಮನೆಗಳನ್ನು ಸೇರಿದುವು. ಪಂಜರದಲ್ಲಿಯೇ ಬೆಳೆದ ಇಂಥ ನಾಯಿಗೆ ಹುಲ್ಲು, ಮೆಟ್ಟಿಲು, ಬೀದಿಯ ಸದ್ದು ಎಲ್ಲವೂ ಹೊಸದು, ಹೆದರಿಕೆಯೂ ಬಹಳ. ದಿನವೆಲ್ಲ ಮನೆಯಲ್ಲಿರುವ, ಅವಸರವಿಲ್ಲದ, ನಿವೃತ್ತ ದಂಪತಿಗಳಿಗೆ ಇದು ಎಳೆಯ ಮರಿಗಿಂತ ಚೆನ್ನಾಗಿ ಒಗ್ಗಬಹುದು. ಮೊದಲ ಕೆಲವು ವಾರ ಅದನ್ನು ಮೆಟ್ಟಿಲಿನ ಬಳಿ ಎತ್ತಿಕೊಂಡೇ ಇಳಿಸಬೇಕಾದೀತು.