ನೆಲದೊಳಗಿನ ನೀರು ನೋಡುವ ಓದು: ನಮ್ಮ ಮಕ್ಕಳಿಗೆ ಯಾರೂ ಹೇಳದ ದಾರಿ

ಹಾನಗಲ್ ತಾಲ್ಲೂಕಿನಲ್ಲಿ ನಾನು ಕಲಿಸುವ ಮದ್ರಸದ ಹಿಂದೆ ಮುಚ್ಚಳ ಹಾಕಿ ಮುಚ್ಚಿದ ಎರಡು ಬೋರ್‌ವೆಲ್‌ಗಳಿವೆ. ಒಂದು 420 ಅಡಿ, ಇನ್ನೊಂದು 560 ಅಡಿ. ಎರಡರಲ್ಲೂ ಬಂದದ್ದು ಬರೀ ಧೂಳು. ಮೊದಲನೆಯದಕ್ಕೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಡೆದವರೊಬ್ಬರು ಜಾಗ ತೋರಿಸಿದ್ದರು. ಎರಡನೆಯದಕ್ಕೆ ಬೇವಿನ ಕವೆಕೋಲು ಹಿಡಿದವರು. ಹೋದದ್ದು ಮಾತ್ರ ಜಮಾಅತಿನ ದುಡ್ಡು. ಕೂಲಿಯವರು, ತರಕಾರಿ ಮಾರುವವರು ಜುಮಾ ದಿನ ಡಬ್ಬಿಗೆ ಹಾಕಿದ ಹತ್ತು, ಇಪ್ಪತ್ತು ರೂಪಾಯಿ.

ಮೂರನೇ ಸಲ ಕಮಿಟಿಯವರು ಯಂತ್ರ ಇಟ್ಟು ನೋಡುವವರನ್ನು ಕರೆಸಿದರು. ಬಂದವನು ಮೂವತ್ತು ತುಂಬದ ಹುಡುಗ. ನಾಲ್ಕು ಕಬ್ಬಿಣದ ಗೂಟ, ವೈರಿನ ಸುರುಳಿ, ಬ್ಯಾಟರಿ, ಒಂದು ಪೆಟ್ಟಿಗೆ. ಅರ್ಧ ದಿನ ಬಿಸಿಲಿನಲ್ಲಿ ವೈರು ಎಳೆದು, ಲೆಕ್ಕ ಬರೆದು, ಕೊನೆಗೆ ಒಂದು ಜಾಗ ಗುರುತು ಮಾಡಿದ. "ಹಜರತ್, ಇಲ್ಲಿ ನೀರು ಇರೋ ಸಾಧ್ಯತಿ ಹೆಚ್ಚೈತ್ರಿ. ಖಾತ್ರಿ ಅಂತ ಮಾತ್ರ ನಾ ಹೇಳಂಗಿಲ್ರಿ" ಅಂದ. 310 ಅಡಿಗೆ ಎರಡು ಇಂಚು ನೀರು ಬಂತು, ಅಲ್‌ಹಮ್ದುಲಿಲ್ಲಾಹ್.

ಚಹಾ ಕುಡಿಯುವಾಗ "ಏನು ಓದಿದ್ದೀಯಪ್ಪಾ?" ಎಂದು ಕೇಳಿದೆ. ಧಾರವಾಡದಲ್ಲಿ ಬಿಎಸ್ಸಿ, ಫಿಸಿಕ್ಸ್ ಮತ್ತು ಗಣಿತ. ಆಮೇಲೆ ಹೈದರಾಬಾದಿನಲ್ಲಿ ಎಂಎಸ್ಸಿ ಜಿಯೋಫಿಸಿಕ್ಸ್, ಅಂದರೆ ಭೂಭೌತ ವಿಜ್ಞಾನ. ಇದಕ್ಕೊಂದು ಓದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಪಿಯುಸಿ ತನಕ ಓದಿದವನು. ಮಕ್ಕಳು "ಉಸ್ತಾದ್, ಮುಂದೆ ಏನು ಓದಲಿ?" ಎಂದರೆ ಡಾಕ್ಟರ್, ಎಂಜಿನಿಯರ್, ಬಿಎಡ್ ಬಿಟ್ಟು ಬೇರೆ ಹೇಳಲು ನನ್ನ ಬಳಿ ಇರಲಿಲ್ಲ. ಅಂದಿನಿಂದ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಪೆಟ್ಟಿಗೆಯ ಕೆಲಸ. ಹೊರಗಿನ ಎರಡು ಗೂಟಗಳಿಂದ ನೆಲಕ್ಕೆ ಕರೆಂಟ್ ಬಿಡುತ್ತಾರೆ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಒಣಗಿದ ಗಟ್ಟಿ ಬಂಡೆ ಕರೆಂಟನ್ನು ತಡೆಯುತ್ತದೆ. ನೀರು ತುಂಬಿದ ಬಿರುಕು, ಶಿಥಿಲವಾದ ಕಲ್ಲು ಸುಲಭವಾಗಿ ಬಿಟ್ಟುಕೊಡುತ್ತದೆ. ಗೂಟಗಳನ್ನು ದೂರ ದೂರ ಹಾಕಿದಷ್ಟೂ ಆಳದ ಸುದ್ದಿ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳು ಬಾಯಿಪಾಠ ಮಾಡುವ ಓಮ್‌ನ ನಿಯಮವೇ ಇದಕ್ಕೆ ಬುನಾದಿ. ಆದರೆ ಜೇಡಿಮಣ್ಣು ಕೂಡ ಕರೆಂಟನ್ನು ಬಿಟ್ಟುಕೊಡುತ್ತದೆ, ಯಂತ್ರದ ಅಂಕಿ ನೋಡಿ ನೀರು ಅಂದುಕೊಂಡವನು ಮೋಸ ಹೋಗುತ್ತಾನೆ. ಅದಕ್ಕೇ ಯಂತ್ರ ಕೊಂಡವರಿಗಿಂತ ಓದಿದವರು ಬೇಕು.

ನಮ್ಮ ಕರಾವಳಿಯಲ್ಲಿ ಕೆಂಪುಕಲ್ಲು ಅಗೆದು ಬಾವಿ ತೋಡಿದ ಅಭ್ಯಾಸ. ಹಾವೇರಿ ಜಿಲ್ಲೆಯ ನೆಲ ಹಾಗಲ್ಲ. ಹಾನಗಲ್ ಕಡೆ ಮಳೆ, ಕೆರೆ ಸ್ವಲ್ಪ ಹೆಚ್ಚು. ಶಿಗ್ಗಾವಿ, ಸವಣೂರಿನ ಕಡೆ ಹೋದಂತೆ ಮಳೆ ಕಡಿಮೆ. ಹಿರೇಕೆರೂರಿನ ಕಡೆ ಹಳೇ ಮದಗದ ಕೆರೆ ಇದ್ದರೂ ಹೊಲಗಳಲ್ಲಿ ಬೋರ್ ಹೊಡೆಸುವುದು ತಪ್ಪಿಲ್ಲ. ಎಲ್ಲ ಕಡೆಯೂ ಮೇಲೆ ಒಂದಿಷ್ಟು ಮಣ್ಣು, ಕೆಳಗೆ ಗಟ್ಟಿ ಬಂಡೆ. ನೀರು ಇದ್ದರೆ ಬಿರುಕಿನಲ್ಲಿ. ಹತ್ತು ಅಡಿ ಆಚೆ ಈಚೆ ಆದರೂ ಬೋರ್ ಫೇಲ್.

ಝಂಝಂ ಬಾವಿಯ ರಚನೆಯೂ ಹೆಚ್ಚು ಕಡಿಮೆ ಇಂಥದ್ದೇ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಅದರ ಆಳ ಸುಮಾರು 30 ಮೀಟರ್. ಮೇಲಿನ 13 ಮೀಟರಿನಷ್ಟು ಕಣಿವೆಯ ಮರಳು ಮೆಕ್ಕಲು, ಕೆಳಗಿನ 17 ಮೀಟರಿನಷ್ಟು ಬಂಡೆ. ಅಲ್ಲಾಹನು ಕರುಣಿಸಿದ ಆ ನೀರನ್ನು ಕಾಯಲು ಸೌದಿ ಭೂವಿಜ್ಞಾನ ಸಮೀಕ್ಷೆಯ ಕೆಳಗೆ ಪ್ರತ್ಯೇಕ ಸಂಶೋಧನಾ ಕೇಂದ್ರವೇ ಇದೆ. ನೀರಿನ ಮಟ್ಟವನ್ನು ಅಲ್ಲಿ ಭೂವಿಜ್ಞಾನಿಗಳು ನಿಗಾ ಇಟ್ಟು ನೋಡುತ್ತಾರೆ.

ಈ ಕೆಲಸಕ್ಕೆ ಬಂದವರು ಎಂಥವರು? ಸಾವಿರ ವರ್ಷಗಳ ಹಿಂದೆ ನೆಲದಡಿಯ ನೀರನ್ನು ಹೊರತೆಗೆಯುವ ಬಗ್ಗೆ ಅರಬಿಯಲ್ಲಿ ಗ್ರಂಥ ಬರೆದ ಅಲ್ ಕರಜಿ ಬಗ್ದಾದಿನಲ್ಲಿ ಹೆಸರು ಮಾಡಿದ ಗಣಿತಜ್ಞರು. 1912ರಲ್ಲಿ ಫ್ರಾನ್ಸಿನಲ್ಲಿ ಗೂಟ ನೆಟ್ಟು ಕರೆಂಟ್ ಹಾಯಿಸಿ ಪ್ರಯೋಗ ಮಾಡಿದ ಕಾನ್ರಾಡ್ ಶ್ಲಂಬರ್ಜರ್ ಭೌತಶಾಸ್ತ್ರದವರು, ಜೊತೆಯಾದ ತಮ್ಮ ಮಾರ್ಸೆಲ್ ಎಂಜಿನಿಯರ್. ಗಲ್ಫಿನಲ್ಲಿರುವ ನಮ್ಮವರಿಗೆ ಆ ಹೆಸರಿನ ಕಂಪೆನಿ ಗೊತ್ತೇ ಇದೆ. ನಮ್ಮ ರಾಜ್ಯದ್ದೇ ಉದಾಹರಣೆ ಎಂ.ಬಿ. ರಾಮಚಂದ್ರ ರಾವ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಿಂದ ಶುರು ಮಾಡಿ, ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ (ಜಿಎಸ್‌ಐ), ಒಎನ್‌ಜಿಸಿ ತನಕ ಹೋದವರು. ಈ ವಿಷಯದಲ್ಲಿ ಅವರು ಬರೆದ ಕೈಪಿಡಿಯನ್ನು ಮೈಸೂರು ವಿಶ್ವವಿದ್ಯಾನಿಲಯವೇ 1975ರಲ್ಲಿ ಪ್ರಕಟಿಸಿತು.

ದಮ್ಮಾಮಿನ ಏಳನೇ ನಂಬರ್ ಬಾವಿಯಲ್ಲಿ 1938ರಲ್ಲಿ ಎಣ್ಣೆ ಸಿಕ್ಕಿತು. ಅದಕ್ಕೆ ಮೊದಲು ಕೊರೆದವುಗಳಲ್ಲಿ ವ್ಯಾಪಾರಕ್ಕಾಗುವಷ್ಟು ಸಿಕ್ಕಿರಲಿಲ್ಲ. ಆ ಎಣ್ಣೆಯ ಋಣದಲ್ಲಿ ನಮ್ಮ ಎಷ್ಟು ಮನೆಗಳು ಎದ್ದಿವೆ! ನಮ್ಮವರು ಅಲ್ಲಿ ಡ್ರೈವರ್, ಸೇಲ್ಸ್‌ಮನ್, ಕ್ಯಾಂಪಿನ ಅಡುಗೆಯವರಾಗಿ ದುಡಿದರು. ಅದು ಮರ್ಯಾದೆಯ ದುಡಿಮೆಯೇ. ಆದರೆ ಎಲ್ಲಿ ಕೊರೆಯಬೇಕೆಂದು ಹೇಳುವ ಕುರ್ಚಿಯಲ್ಲಿ ನಮ್ಮ ಮಕ್ಕಳು ಯಾಕೆ ಕೂರಬಾರದು?

ದಾರಿ ಹೀಗಿದೆ. ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಇರಲೇಬೇಕು. ಜೆಇಇ ಬರೆದು ಖರಗಪುರ ಐಐಟಿಯಂಥ ಕಡೆ ನೇರವಾಗಿ ಸೇರಬಹುದು. ಅದು ಆಗದಿದ್ದರೆ ಹತ್ತಿರದ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ, ಜಾಮ್ ಪರೀಕ್ಷೆ ಬರೆದು ಧನಬಾದ್ ಅಥವಾ ಬಾಂಬೆ ಐಐಟಿಯ ಎಂಎಸ್ಸಿಗೆ ಪ್ರಯತ್ನಿಸಬಹುದು. ಹೈದರಾಬಾದಿನ ಉಸ್ಮಾನಿಯಾ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯಗಳಲ್ಲೂ ಈ ವಿಷಯವಿದೆ, ಕೊಚ್ಚಿಯಲ್ಲಿ ಕಡಲಿನ ಭೂಭೌತ ಕಲಿಸುತ್ತಾರೆ. ಕಲ್ಲು ಮಣ್ಣಿನ ಕಡೆ ಒಲವಿದ್ದವರಿಗೆ ಧಾರವಾಡದಲ್ಲಿ ಭೂವಿಜ್ಞಾನ, ನಮ್ಮ ಕೊಣಾಜೆಯಲ್ಲಿ ಸಾಗರ ಭೂವಿಜ್ಞಾನ ಇದೆ.

ಆಮೇಲೆ ಕೆಲಸ. ಯುಪಿಎಸ್‌ಸಿಯ ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ ಪಾಸಾದರೆ ಜಿಎಸ್‌ಐ ಅಥವಾ ಕೇಂದ್ರ ಅಂತರ್ಜಲ ಮಂಡಳಿಯಲ್ಲಿ ಅಧಿಕಾರಿ ಹುದ್ದೆ. ಜಿಯೋಫಿಸಿಸಿಸ್ಟ್ ಹುದ್ದೆಗೆ ಬರೀ ಫಿಸಿಕ್ಸ್ ಎಂಎಸ್ಸಿ ಆದವರೂ ಅರ್ಜಿ ಹಾಕಬಹುದು, ಇದು ಬಹಳ ಜನರಿಗೆ ಗೊತ್ತಿಲ್ಲ. ಒಎನ್‌ಜಿಸಿ, ಆಯಿಲ್ ಇಂಡಿಯಾ, ಯುರೇನಿಯಂ ಹುಡುಕುವ ಅಣು ಖನಿಜ ನಿರ್ದೇಶನಾಲಯ, 1961ರಿಂದ ಹೈದರಾಬಾದಿನಲ್ಲಿರುವ ಎನ್‌ಜಿಆರ್‌ಐ ಸಂಶೋಧನಾ ಸಂಸ್ಥೆ ಇವೆ. ಖಾಸಗಿ ಗಣಿ ಕಂಪೆನಿಗಳೂ ಇವೆ. ಹಾವೇರಿ ಪಕ್ಕದ ಗಣಜೂರಿನಲ್ಲಿ ಚಿನ್ನ ಹುಡುಕಿದ್ದು ಅಂಥ ಕಂಪೆನಿಯೇ.

ಕಷ್ಟವನ್ನೂ ಹೇಳಬೇಕು. ಸರ್ಕಾರಿ ಹುದ್ದೆಗಳು ಕಡಿಮೆ, ಪೈಪೋಟಿ ಜೋರು. ಎಣ್ಣೆ ಬೆಲೆ ಬಿದ್ದಾಗ ಕಂಪೆನಿಗಳು ಜನರನ್ನು ತೆಗೆಯುತ್ತವೆ. ವಾರಗಟ್ಟಲೆ ಕಾಡು, ಮರುಭೂಮಿ, ಕಡಲಿನಲ್ಲಿ ಕ್ಯಾಂಪ್. ಹೆಣ್ಣುಮಕ್ಕಳ ಉಪ್ಪ ಉಮ್ಮಂದಿರಿಗೆ ಇದು ಚಿಂತೆಯೇ. ಆದರೆ ಕ್ಯಾಂಪಿನಲ್ಲಿ ಅಳೆದು ತಂದದ್ದನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ, ಪಾಠ, ಸಂಶೋಧನೆ ಕೂಡ ಈ ವೃತ್ತಿಯ ದೊಡ್ಡ ಭಾಗ.

ಸವಣೂರಿನ ಒಬ್ಬ ಹುಡುಗಿ, ಹಿಂದೆ ನನ್ನ ಬಳಿ ಕಲಿತವಳು, ಎರಡು ಸಲ ನೀಟ್ ಬರೆದು ಸೀಟು ಸಿಗದೆ ಬಿಎಸ್ಸಿ ಸೇರಿದ್ದಳು. ಓದು ಸಾಕು ಅಂತ ಮನೆಯಲ್ಲಿ ಮಾತು ನಡೆದಿತ್ತು. ಈ ವಿಷಯ ಹೇಳಿದಾಗ ಅವಳ ತಂದೆ ತುಂಬಾ ಹೊತ್ತು ಸುಮ್ಮನಿದ್ದರು. ಹೊಲದಲ್ಲಿ ಮೂರು ಬೋರ್ ಫೇಲ್ ಆಗಿ ಸಾಲ ಹೊತ್ತವರು. ಕೊನೆಗೆ "ಹಜರತ್, ನಮ್ಮ ಹುಡುಗಿ ಓದಿದ್ರ ಇನ್ನೊಬ್ಬ ರೈತನ ದುಡ್ಡರ ಉಳೀತೈತಿ, ಓದ್ಲಿ ಬಿಡ್ರಿ" ಅಂದರು. ಈಗ ಅವಳು ಜಾಮ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾಳೆ. ದುಆ ಮಾಡಿ.

ಜಮಾಅತಿನವರಲ್ಲಿ ಒಂದು ವಿನಂತಿ. ಮುಂದಿನ ಸಲ ಮಸೀದಿಗೋ ಮದ್ರಸಕ್ಕೋ ಬೋರ್ ಹೊಡೆಸುವ ಮೊದಲು ಅಂತರ್ಜಲ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಓದಿದವರಿಂದ ನೆಲ ನೋಡಿಸಿ. ಅವರು ಬಂದ ದಿನ ಊರಿನ ಪಿಯುಸಿ ಸೈನ್ಸ್ ಮಕ್ಕಳನ್ನು ವೈರು ಹಿಡಿಯಲು ಕಳುಹಿಸಿ. ಪುಸ್ತಕದಲ್ಲಿ ಓದಿದ್ದು ಏನಕ್ಕೆ ಬರುತ್ತದೆ ಎಂದು ಅವರು ಕಣ್ಣಾರೆ ನೋಡಲಿ.